ಯುರೋಪಿನ ಭಾಷೆಗಳಲ್ಲಿ ವರ್ತಮಾನಕಾಲ: ಐದು ವಾಕ್ಯಗಳ ಮೂಲಕ ಕಲಿಯುವ ಕ್ರಮ

ಜರ್ಮನ್, ಫ್ರೆಂಚ್ ಅಥವಾ ಸ್ಪ್ಯಾನಿಷ್ ಕಲಿಯಲು ಹೊರಡುವ ಕನ್ನಡಿಗರಲ್ಲಿ ಬಹುಪಾಲು ಜನ ಆ ಭಾಷೆಯನ್ನು ಇಂಗ್ಲಿಷಿನ ಮೂಲಕವೇ ತಲುಪುತ್ತಾರೆ. ಪಠ್ಯಪುಸ್ತಕದ ವಿವರಣೆ ಇಂಗ್ಲಿಷಿನಲ್ಲಿರುತ್ತದೆ, ತರಗತಿಯ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊಬೈಲಿನ ಆ್ಯಪ್ ಕೂಡ ಇಂಗ್ಲಿಷ್ ವಾಕ್ಯವನ್ನು ತೋರಿಸಿ ಅದಕ್ಕೆ ಸಮನಾದುದನ್ನು ಕೇಳುತ್ತದೆ. ಹೀಗಾಗಿ ಇಂಗ್ಲಿಷಿನ ಕಾಲವ್ಯವಸ್ಥೆಯೇ ಯುರೋಪಿನ ಭಾಷೆಗಳಿಗೆಲ್ಲ ಸಾಮಾನ್ಯವಾದ ವ್ಯವಸ್ಥೆ ಎಂಬ ನಂಬಿಕೆ ತಾನಾಗಿಯೇ ಬೆಳೆದುಬಿಡುತ್ತದೆ. ವರ್ತಮಾನಕಾಲದ ವಿಷಯದಲ್ಲಿ ಈ ನಂಬಿಕೆ ಕಲಿಯುವವರಿಗೆ ತುಂಬ ತೊಂದರೆ ಕೊಡುತ್ತದೆ, ಏಕೆಂದರೆ ಇಲ್ಲಿ ಇಂಗ್ಲಿಷ್ ತನ್ನ ನೆರೆಯ ಭಾಷೆಗಳಿಂದ ಸಾಕಷ್ಟು ದೂರ ಸರಿದು ನಿಂತಿದೆ. ಕನ್ನಡವನ್ನೇ ನೆಲೆಯಾಗಿಟ್ಟುಕೊಂಡು ನೇರವಾಗಿ ಹೋದರೆ ಹಲವು ಕಡೆ ದಾರಿ ಹತ್ತಿರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಲೇಖನ ಆ ದಾರಿಯನ್ನು ಹಂತಹಂತವಾಗಿ ತೋರಿಸುತ್ತದೆ.

ಬೇರೆ ಭಾಷೆಯ ಪದಗಳನ್ನು ಉಚ್ಚಾರಣೆಗೆ ಆದಷ್ಟು ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕನ್ನಡದಲ್ಲಿಲ್ಲದ ಧ್ವನಿಗಳು ಅವುಗಳಲ್ಲಿ ಇರುವುದರಿಂದ, ಆ ಭಾಷೆಯನ್ನಾಡುವವರ ಬಾಯಿಂದ ಒಮ್ಮೆ ಕೇಳಿ ತಿದ್ದಿಕೊಳ್ಳುವುದು ಅಗತ್ಯ.

ಮೊದಲ ಹಂತ: ಐದು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿ

ಒಂದು ಹಾಳೆಯ ಎಡಬದಿಯಲ್ಲಿ ಈ ಐದು ವಾಕ್ಯಗಳನ್ನು ಒಂದರ ಕೆಳಗೊಂದು ಬರೆಯಿರಿ. ಬಲಬದಿಯನ್ನು ಕಲಿಯುವ ಭಾಷೆಯ ಸಮಾನ ವಾಕ್ಯಗಳಿಗಾಗಿ ಖಾಲಿ ಬಿಡಿ.

1. ದಿನಾ ಬೆಳಿಗ್ಗೆ ಪತ್ರಿಕೆ ಓದುತ್ತೇನೆ.
2. ಈಗ ಪತ್ರಿಕೆ ಓದುತ್ತಿದ್ದೇನೆ.
3. ನಾಳೆ ಪತ್ರಿಕೆ ಓದುತ್ತೇನೆ.
4. ಐದು ವರ್ಷದಿಂದ ಈ ಪತ್ರಿಕೆ ಓದುತ್ತಿದ್ದೇನೆ.
5. ನಮ್ಮ ತಾಯಿ ಶಿಕ್ಷಕಿ.

ಹೊಸ ಭಾಷೆಗೆ ಹೋಗುವ ಮುನ್ನ ಈ ವಾಕ್ಯಗಳನ್ನೇ ಗಮನವಿಟ್ಟು ನೋಡಬೇಕು. ಮೊದಲನೆಯದೂ ಮೂರನೆಯದೂ ಒಂದೇ ಕ್ರಿಯಾರೂಪವನ್ನು ಹಂಚಿಕೊಂಡಿವೆ. ರೂಢಿ ಯಾವುದು, ಮುಂದೆ ಆಗುವುದು ಯಾವುದು ಎಂಬುದನ್ನು ‘ದಿನಾ’, ‘ನಾಳೆ’ ಎಂಬ ಪದಗಳೇ ಹೇಳುತ್ತವೆ. ‘ಓದುವೆನು’ ಎಂಬ ಪ್ರತ್ಯೇಕ ಭವಿಷ್ಯದ್ರೂಪವನ್ನು ಶಾಲೆಯ ವ್ಯಾಕರಣ ಕಲಿಸುತ್ತದೆ, ಆದರೆ ದಿನಬಳಕೆಯ ಮಾತಿನಲ್ಲಿ ಅದರ ಕೆಲಸವನ್ನು ‘ಓದುತ್ತೇನೆ’ ಎಂಬುದೇ ಮಾಡುತ್ತದೆ. ಎರಡನೆಯದೂ ನಾಲ್ಕನೆಯದೂ ‘ಇರು’ ಧಾತು ಸೇರಿದ ಇನ್ನೊಂದು ರೂಪವನ್ನು ಹಂಚಿಕೊಂಡಿವೆ. ಐದನೆಯದರಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡ ಐದು ಸಂದರ್ಭಗಳನ್ನು ಎರಡು ರೂಪ ಮತ್ತು ಒಂದು ಶೂನ್ಯದಲ್ಲಿ ಮುಗಿಸುತ್ತದೆ. ಇಂಗ್ಲಿಷ್ ಅದೇ ಐದಕ್ಕೆ ಐದು ಬೇರೆ ಬೇರೆ ರಚನೆಗಳನ್ನು ಬೇಡುತ್ತದೆ. ಮುಂದೆ ನೋಡುವ ಭಾಷೆಗಳು ಈ ಐದು ಸಂದರ್ಭಗಳನ್ನು ಎಲ್ಲಿ ಕೂಡಿಸುತ್ತವೆ, ಎಲ್ಲಿ ಬೇರ್ಪಡಿಸುತ್ತವೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಎರಡನೆಯ ಹಂತ: ‘ರೂಢಿ’ ಮತ್ತು ‘ಈಗ’ ಬೇರೆಯೇ ಎಂದು ಕೇಳಿ

ಕಲಿಯುವ ಭಾಷೆಯ ಶಿಕ್ಷಕರನ್ನು ಮೊದಲು ಕೇಳಬೇಕಾದದ್ದು ಇದನ್ನೇ: ಒಂದನೆಯ ಮತ್ತು ಎರಡನೆಯ ವಾಕ್ಯಗಳಲ್ಲಿ ಕ್ರಿಯಾಪದ ಬದಲಾಗಲೇಬೇಕೆ, ಬದಲಾಗಬಹುದೆ, ಅಥವಾ ಬದಲಾಗುವುದೇ ಇಲ್ಲವೆ? ಉತ್ತರ ಈ ಮೂರರಲ್ಲಿ ಒಂದಾಗಿರುತ್ತದೆ.

ಜರ್ಮನ್ ಭಾಷೆಯಲ್ಲಿ ಬದಲಾಗುವುದಿಲ್ಲ. ದಿನವೂ ಓದುವವರು ‘ಇಶ್ ಲೇಜ಼ೆ’ ಎನ್ನುತ್ತಾರೆ, ಈ ಕ್ಷಣದಲ್ಲಿ ಪತ್ರಿಕೆ ಹಿಡಿದು ಕುಳಿತವರೂ ‘ಇಶ್ ಲೇಜ಼ೆ’ ಎಂದೇ ಹೇಳುತ್ತಾರೆ. ‘ಈ ಕ್ಷಣದಲ್ಲೇ ನಡೆಯುತ್ತಿದೆ’ ಎಂದು ಒತ್ತಿ ಹೇಳಬೇಕಾದಾಗ ‘ಗೆರಾಡೆ’ ಎಂಬ ಅವ್ಯಯವನ್ನು ಸೇರಿಸಿದರೆ ಸಾಕು. ಇಂಗ್ಲಿಷಿನಿಂದ ಬಂದವರು ‘ಇರು’ ಎಂಬರ್ಥದ ಸಹಾಯಕ ಕ್ರಿಯಾಪದವನ್ನು ಇಲ್ಲಿ ಹುಡುಕಿ ತಂದು ಜೋಡಿಸುತ್ತಾರೆ. ಹಾಗೆ ಕಟ್ಟಿದ ವಾಕ್ಯ ಜರ್ಮನ್ನರ ಕಿವಿಗೆ ಅರ್ಥವಾಗದೆ ಹೋಗಬಹುದು. ರೈನ್ ನದಿಯ ಆಸುಪಾಸಿನಿಂದ ಹರಡಿರುವ ‘ಇಶ್ ಬಿನ್ ಆಮ್ ಲೇಜ಼ೆನ್’ ಎಂಬ ರಚನೆ ಆಡುಮಾತಿನಲ್ಲಿ ಇದೆಯಾದರೂ ಪರೀಕ್ಷೆಯ ಉತ್ತರಪತ್ರಿಕೆಗೆ ಅದು ಬೇಡ. ನೆರೆಯ ಡಚ್ ಭಾಷೆಯಲ್ಲಿ ಇದಕ್ಕೆ ಹೋಲುವ ರಚನೆ ಪೂರ್ಣ ಶಿಷ್ಟವಾಗಿದೆ.

ಫ್ರೆಂಚ್‌ನಲ್ಲಿ ಕೂಡ ‘ಝ ಲಿ’ ಎಂಬ ಒಂದೇ ರೂಪ ಎರಡಕ್ಕೂ ನಡೆಯುತ್ತದೆ. ‘ಓದುವುದರಲ್ಲಿ ತೊಡಗಿದ್ದೇನೆ’ ಎಂಬಂತಹ ‘ಆಂ ತ್ರ್ಯಾಂ ದ’ ಎಂಬ ನುಡಿಗಟ್ಟು ಇದ್ದರೂ, ನಡುವೆ ಬಂದು ತಡೆದವರಿಗೆ ಉತ್ತರ ಕೊಡುವಂತಹ ಸಂದರ್ಭಕ್ಕೆ ಅದನ್ನು ಕಾದಿರಿಸುವುದು ಒಳ್ಳೆಯದು. ಪ್ರತಿ ವಾಕ್ಯದಲ್ಲೂ ಅದನ್ನು ತುರುಕಿದರೆ ಮಾತು ಭಾರವಾಗುತ್ತದೆ.

ಸ್ಪ್ಯಾನಿಷ್ ಮತ್ತು ಇಟಾಲಿಯನ್ ನಡುವಿನ ದಾರಿ ಹಿಡಿಯುತ್ತವೆ. ಸ್ಪ್ಯಾನಿಷ್‌ನಲ್ಲಿ ‘ಲೆಓ’ ಎಂದರೆ ‘ಓದುತ್ತೇನೆ’, ‘ಎಸ್ತೊಯ್ ಲೆಯೆಂದೊ’ ಎಂದರೆ ‘ಓದುತ್ತಿದ್ದೇನೆ’; ಇಟಾಲಿಯನ್‌ನಲ್ಲಿ ‘ಲೆಗ್ಗೊ’ ಮತ್ತು ‘ಸ್ತೊ ಲೆಜ್ಜೆಂದೊ’. ಎರಡನೆಯ ರೂಪ ನಮ್ಮ ರಚನೆಯಂತೆಯೇ ಇರುವುದರಿಂದ ಕನ್ನಡಿಗರಿಗೆ ಸುಲಭವಾಗಿ ಒಗ್ಗುತ್ತದೆ. ಆದರೆ ಅಲ್ಲಿ ಅದು ಐಚ್ಛಿಕ. ಸಂದರ್ಭ ಸ್ಪಷ್ಟವಾಗಿದ್ದರೆ ಸರಳ ರೂಪವೇ ‘ಈಗ’ ಎಂಬ ಅರ್ಥವನ್ನೂ ಹೊರುತ್ತದೆ. ‘ಏನು ಮಾಡುತ್ತಿದ್ದೀಯ?’ ಎಂದು ಕೇಳಲು ಸ್ಪೇನಿನಲ್ಲಿ ‘ಕೆ ಆಸೆಸ್?’ ಎಂದಷ್ಟೇ ಹೇಳುವುದು ತೀರ ಸಾಮಾನ್ಯ. ಪೋರ್ಚುಗೀಸರಲ್ಲಿ ಸಮುದ್ರದ ಎರಡು ದಡಗಳಿಗೂ ಎರಡು ಪದ್ಧತಿಗಳಿವೆ: ಬ್ರೆಜಿಲ್ ಸ್ಪ್ಯಾನಿಷ್‌ನಂತೆಯೇ ಕೃದಂತವನ್ನು ಬಳಸಿದರೆ, ಇಂದಿನ ಪೋರ್ಚುಗಲ್‌ನ ಬಹುತೇಕ ಕಡೆ ‘ಇರು’ ಧಾತುವಿನ ಜೊತೆಗೆ ಕ್ರಿಯೆಯ ಮೂಲರೂಪವನ್ನು ಸೇರಿಸುತ್ತಾರೆ.

ಸ್ವೀಡಿಷ್‌ನ ಪದ್ಧತಿ ಕನ್ನಡಿಗರಿಗೆ ವಿಶೇಷವಾಗಿ ಆಪ್ತವೆನಿಸುತ್ತದೆ. ಅಲ್ಲಿ ಪ್ರತ್ಯೇಕ ಪ್ರತ್ಯಯವಿಲ್ಲ, ಆದರೆ ‘ಯಾಗ್ ಸಿಟ್ಟೆರ್ ಓ ಲ್ಯಾಸೆರ್’ ಎನ್ನುತ್ತಾರೆ, ಅಂದರೆ ‘ಓದುತ್ತಾ ಕೂತಿದ್ದೇನೆ’ ಎಂಬ ಅರ್ಥ. ಕೂರುವುದು, ನಿಲ್ಲುವುದು, ಮಲಗುವುದು ಎಂಬ ದೇಹಭಂಗಿಯ ಕ್ರಿಯಾಪದಗಳು ಅಲ್ಲಿ ಮುಖ್ಯ ಕ್ರಿಯೆಯ ಮುಂದುವರಿಕೆಯನ್ನು ಸೂಚಿಸುತ್ತವೆ. ‘ಅವನು ಯೋಚಿಸುತ್ತಾ ನಿಂತಿದ್ದಾನೆ’ ಎನ್ನುವ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಕಡ್ಡಾಯವಾಗಿ ಬೇರ್ಪಡಿಸುವ ಭಾಷೆಗಳಲ್ಲಿ ಇಂಗ್ಲಿಷಿನ ಜೊತೆಗೆ ಐರಿಷ್ ಅನ್ನು ಹೆಸರಿಸಬೇಕು. ಐರಿಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಇರು’ ಎಂಬ ಧಾತುವಿಗೇ ಎರಡು ವರ್ತಮಾನ ರೂಪಗಳನ್ನು ಇಟ್ಟುಕೊಂಡಿದೆ: ‘ತಾ’ ಎಂದರೆ ಈಗ ಇದ್ದಾರೆ, ‘ಬೀನ್’ ಎಂದರೆ ಸಾಮಾನ್ಯವಾಗಿ ಇರುತ್ತಾರೆ. ‘ಇದ್ದಾರೆ’ ಮತ್ತು ‘ಇರುತ್ತಾರೆ’ ಎಂಬ ವ್ಯತ್ಯಾಸ ಇಂಗ್ಲಿಷಿನಲ್ಲಿ ಮಾಯವಾಗುತ್ತದೆ, ಆದರೆ ಕನ್ನಡಿಗರಿಗೆ ಅದು ಹುಟ್ಟಿನಿಂದ ಬಂದದ್ದು. ಟರ್ಕಿಷ್‌ನ ‘ಒಕುಯೊರುಮ್’, ‘ಒಕುರುಮ್’ ಜೋಡಿಯೂ ನಮ್ಮ ‘ಓದುತ್ತಿದ್ದೇನೆ’, ‘ಓದುತ್ತೇನೆ’ ಜೋಡಿಗೆ ಬಹಳ ಹತ್ತಿರ.

ಮೂರನೆಯ ಹಂತ: ನಾಲ್ಕನೆಯ ವಾಕ್ಯವನ್ನು ಇಂಗ್ಲಿಷಿನಿಂದ ಬಿಡಿಸಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತಕ್ಕೆ ಸಮಯವಿದ್ದರೆ ಇದನ್ನೇ ಓದಿರಿ ಎನ್ನುವೆ. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ಸಂಗತಿಯನ್ನು ಇಂಗ್ಲಿಷ್ ವರ್ತಮಾನದಲ್ಲಿ ಹೇಳಲು ಬಿಡುವುದಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ತಿದ್ದಿಸಿಕೊಂಡು ನಾವು ಆ ನಿಯಮವನ್ನು ಮೈಗೂಡಿಸಿಕೊಂಡಿರುತ್ತೇವೆ. ಆ ಬಳಿಕ ಜರ್ಮನ್ ತರಗತಿಗೆ ಹೋದಾಗ, ಅಲ್ಲಿ ಅಗತ್ಯವೇ ಇಲ್ಲದ ಆ ಕಷ್ಟವನ್ನು ಹೊತ್ತುಕೊಂಡು ಹೋಗುತ್ತೇವೆ.

ಜರ್ಮನ್‌ನಲ್ಲಿ ‘ಇಶ್ ಲೇಜ಼ೆ ಡೀಜ಼ೆ ಟ್ಸೈಟುಂಗ್ ಜ಼ೈಟ್ ಫ್ಯುನ್ಫ್ ಯಾರೆನ್’ ಎಂದರೆ ಮುಗಿಯಿತು. ಕ್ರಿಯಾಪದ ಶುದ್ಧ ವರ್ತಮಾನದಲ್ಲಿದೆ, ‘ಜ಼ೈಟ್’ ಎಂಬುದು ನಮ್ಮ ‘ಇಂದ’ ಪ್ರತ್ಯಯದ ಕೆಲಸ ಮಾಡುತ್ತದೆ. ಫ್ರೆಂಚ್‌ನಲ್ಲಿ ‘ದಪ್ವಿ’, ಇಟಾಲಿಯನ್‌ನಲ್ಲಿ ‘ದಾ’ ಎಂಬ ಪದದ ಜೊತೆ ವರ್ತಮಾನವನ್ನೇ ಬಳಸುತ್ತಾರೆ. ಡಚ್, ಪೋರ್ಚುಗೀಸ್, ರಷ್ಯನ್, ಗ್ರೀಕ್ ಭಾಷೆಗಳಲ್ಲೂ, ಐರಿಷ್‌ನಲ್ಲೂ ಹೀಗೆಯೇ. ಸ್ಪ್ಯಾನಿಷ್ ಇದಕ್ಕೆಂದೇ ಒಂದು ಸೊಗಸಾದ ರಚನೆಯನ್ನು ಇಟ್ಟುಕೊಂಡಿದೆ: ‘ಹೊತ್ತೊಯ್ಯು’ ಎಂಬರ್ಥದ ಕ್ರಿಯಾಪದವನ್ನು ವರ್ತಮಾನದಲ್ಲಿ ಬಳಸಿ, ಐದು ವರ್ಷಗಳನ್ನು ಓದುತ್ತಾ ಹೊತ್ತಿದ್ದೇನೆ ಎಂಬಂತೆ ‘ಯೆವೊ ಸಿಂಕೊ ಆನ್ಯೊಸ್ ಲೆಯೆಂದೊ’ ಎನ್ನುತ್ತಾರೆ. ಈ ಎಲ್ಲ ಕಡೆಗಳಲ್ಲಿ ಕನ್ನಡದ ‘ಐದು ವರ್ಷದಿಂದ ಓದುತ್ತಿದ್ದೇನೆ’ ಎಂಬುದರಿಂದ ನೇರವಾಗಿ ಹೊರಟರೆ ಸರಿಯಾದ ವಾಕ್ಯಕ್ಕೆ ತಲುಪುತ್ತೇವೆ. ಅಪವಾದಗಳು ಉತ್ತರದಲ್ಲಿವೆ: ಸ್ವೀಡಿಷ್ ಮತ್ತು ಫಿನ್ನಿಷ್ ಇಲ್ಲಿ ಇಂಗ್ಲಿಷಿನಂತೆ ಪೂರ್ಣಭೂತದ, ಅಂದರೆ ‘ಓದಿದ್ದೇನೆ’ ಎಂಬಂತಹ ರೂಪದ, ಕಡೆಗೆ ವಾಲುತ್ತವೆ.

ನಿಷೇಧದಲ್ಲಿ ಒಂದು ತಿರುವು ಇದೆ, ಅದೂ ಕನ್ನಡಿಗರಿಗೆ ಪರಿಚಿತವೇ. ‘ಐದು ವರ್ಷದಿಂದ ಓದುತ್ತಿದ್ದೇನೆ’ ಎನ್ನುವ ನಾವು, ಅದನ್ನು ಅಲ್ಲಗಳೆಯುವಾಗ ‘ಐದು ವರ್ಷದಿಂದ ಓದಿಲ್ಲ’ ಎಂದು ಭೂತಕಾಲದ ಅಂಗಕ್ಕೆ ಜಿಗಿಯುತ್ತೇವೆ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲೂ ಅಷ್ಟು ಕಾಲದಿಂದ ಆಗದೇ ಇರುವ ಘಟನೆಯನ್ನು ಹೇಳುವಾಗ ಪೂರ್ಣಭೂತವನ್ನೇ ಬಳಸುತ್ತಾರೆ. ನಾಲ್ಕನೆಯ ವಾಕ್ಯದ ಕೆಳಗೆ ಅದರ ನಿಷೇಧರೂಪವನ್ನೂ ಬರೆದು ಅಭ್ಯಾಸ ಮಾಡುವುದು ಇದಕ್ಕಾಗಿಯೇ.

ನಾಲ್ಕನೆಯ ಹಂತ: ‘ನಾಳೆ’ ಎಲ್ಲಿ ಸೇರುತ್ತದೆ ಎಂದು ಗುರುತಿಸಿ

ಜರ್ಮನ್‌ನಲ್ಲಿ ಭವಿಷ್ಯತ್ ರಚನೆಯೊಂದು ಇದೆ, ಆದರೆ ‘ಮೋರ್ಗೆನ್’ ಅಂದರೆ ‘ನಾಳೆ’ ಎಂಬ ಪದ ವಾಕ್ಯದಲ್ಲಿದ್ದರೆ ವರ್ತಮಾನವೇ ಸಾಕು: ‘ಮೋರ್ಗೆನ್ ಲೇಜ಼ೆ ಇಶ್ ಡೀ ಟ್ಸೈಟುಂಗ್’. ಫಿನ್ನಿಷ್ ಮತ್ತು ಎಸ್ಟೋನಿಯನ್ ಭಾಷೆಗಳಲ್ಲಿ ಭವಿಷ್ಯಕ್ಕೆಂದು ಪ್ರತ್ಯೇಕ ಕ್ರಿಯಾಪ್ರತ್ಯಯವೇ ಇಲ್ಲ. ಹಾಗಿದ್ದರೆ ಗೊಂದಲವಾಗುವುದಿಲ್ಲವೇ ಎಂದು ಕೇಳಬಹುದು. ಫಿನ್ನಿಷ್ ಈ ಕೆಲಸದ ಒಂದು ಭಾಗವನ್ನು ಕರ್ಮಪದದ ವಿಭಕ್ತಿಗೆ ಒಪ್ಪಿಸಿದೆ. ‘ಲುಎನ್ ಕಿರ್ಯಾ’ ಎಂದರೆ ಪುಸ್ತಕವನ್ನು ಓದುತ್ತಿದ್ದೇನೆ, ಓದು ಇನ್ನೂ ನಡೆಯುತ್ತಿದೆ. ‘ಲುಎನ್ ಕಿರ್ಯನ್’ ಎಂದರೆ ಪುಸ್ತಕವನ್ನು ಪೂರ್ತಿ ಓದುತ್ತೇನೆ, ಹೀಗಾಗಿ ಸಾಮಾನ್ಯವಾಗಿ ಮುಂದೆ ಆಗುವ ಕೆಲಸ. ಕ್ರಿಯಾಪದ ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ‘ಪುಸ್ತಕ’ ಎಂಬ ಪದದ ಕೊನೆ ಮಾತ್ರ. ಕಾಲವನ್ನು ಕ್ರಿಯಾಪದದಲ್ಲೇ ಹುಡುಕುವ ನಮ್ಮ ಅಭ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಅಲುಗಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ರಷ್ಯನ್ ಕಲಿಯುವವರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಲ್ಲಿ ಬಹುತೇಕ ಕ್ರಿಯೆಗಳಿಗೆ ಧಾತುಗಳ ಜೋಡಿ ಇರುತ್ತದೆ. ಒಂದು ಕ್ರಿಯೆಯ ನಡೆಯನ್ನು ನೋಡುತ್ತದೆ, ಇನ್ನೊಂದು ಕ್ರಿಯೆ ಮುಗಿದು ಪೂರ್ಣವಾಗುವುದನ್ನು ನೋಡುತ್ತದೆ. ‘ಚಿತಾಯು’ ಎಂಬ ರೂಪ ನಮ್ಮ ಒಂದು, ಎರಡು ಮತ್ತು ನಾಲ್ಕನೆಯ ವಾಕ್ಯಗಳಿಗೆ ಒದಗುತ್ತದೆ. ಅದೇ ಪ್ರತ್ಯಯವನ್ನು ಪೂರ್ಣತಾವಾಚಿ ಧಾತುವಿಗೆ ಹಚ್ಚಿದಾಗ ಬರುವ ‘ಪ್ರಚಿತಾಯು’ ಎಂಬುದು ವರ್ತಮಾನವಾಗದೆ ‘ಓದಿ ಮುಗಿಸುತ್ತೇನೆ’ ಎಂಬ ಭವಿಷ್ಯಾರ್ಥವನ್ನು ಕೊಡುತ್ತದೆ. ಇದರ ಹಿಂದಿನ ತರ್ಕ ಸರಳವಾಗಿದೆ: ಪೂರ್ತಿ ಮುಗಿಯುವ ಕ್ರಿಯೆಯೊಂದು ಮಾತನಾಡುವ ಕ್ಷಣದಲ್ಲಿ ನಡೆಯುತ್ತಾ ಇರಲಾರದು. ಕನ್ನಡದಲ್ಲಿ ‘ಈ ಪತ್ರಿಕೆ ಓದಿಬಿಡುತ್ತೇನೆ’ ಎಂದಾಗ ಕೇಳುವವರು ಇನ್ನೂ ಓದಿಲ್ಲ, ಇನ್ನು ಓದುತ್ತಾರೆ ಎಂದೇ ತಿಳಿಯುತ್ತಾರಲ್ಲವೆ? ನಮ್ಮಲ್ಲಿ ‘ದಿನಾ ಓದಿಬಿಡುತ್ತಾನೆ’ ಎಂದು ರೂಢಿಗೂ ಹೇಳಬಹುದಾದ್ದರಿಂದ ಹೋಲಿಕೆ ಪೂರ್ಣವಲ್ಲ, ಆದರೂ ಮೊದಲ ತಿಂಗಳುಗಳಲ್ಲಿ ಇದು ಆಸರೆಯಾಗುತ್ತದೆ. ಆದ್ದರಿಂದ ರಷ್ಯನ್, ಪೋಲಿಷ್ ಅಥವಾ ಚೆಕ್ ಕ್ರಿಯಾಪದವನ್ನು ಎಂದಿಗೂ ಒಂಟಿಯಾಗಿ ಬರೆದುಕೊಳ್ಳದೆ, ಜೋಡಿಯಾಗಿಯೇ ಬರೆದುಕೊಳ್ಳಬೇಕು, ಮತ್ತು ಜೋಡಿಯ ಯಾವ ಸದಸ್ಯನಿಂದ ವರ್ತಮಾನ ಹುಟ್ಟುತ್ತದೆ ಎಂಬುದಕ್ಕೆ ಗುರುತು ಹಾಕಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮ. ರೂಢಿ ಮತ್ತು ‘ಈಗ’ ಎಂಬ ಭೇದವನ್ನು ರಷ್ಯನ್ ಸಾಮಾನ್ಯವಾಗಿ ಮಾಡುವುದಿಲ್ಲವಾದರೂ ಚಲನೆಯ ಕ್ರಿಯಾಪದಗಳಲ್ಲಿ ಮಾಡುತ್ತದೆ. ನಡೆದು ಒಂದು ಕಡೆಗೆ ಹೋಗುತ್ತಿರುವವರು ‘ಇದೂ’ ಎನ್ನುತ್ತಾರೆ, ದಿನವೂ ಹೋಗಿಬರುವವರು ‘ಖಝೂ’ ಎನ್ನುತ್ತಾರೆ. ವಾಹನದಲ್ಲಿ ಹೋಗುವುದಕ್ಕೆ ಬೇರೆಯೇ ಜೋಡಿಯಿದೆ.

ಐದನೆಯ ಹಂತ: ಪ್ರತ್ಯಯಗಳನ್ನು ಓದಲು ಕಲಿಯಿರಿ

ಕನ್ನಡದ ಕ್ರಿಯಾಪದ ತನ್ನ ಕೊನೆಯಲ್ಲಿ ಕರ್ತೃವನ್ನು ಹೇಳುತ್ತದೆ. ‘ಓದುತ್ತೇವೆ’ ಎಂದರೆ ‘ನಾವು’ ಎಂಬ ಪದ ಬೇಕಿಲ್ಲ. ಸ್ಪ್ಯಾನಿಷ್, ಇಟಾಲಿಯನ್, ಪೋಲಿಷ್, ಗ್ರೀಕ್ ಭಾಷೆಗಳಲ್ಲೂ ಸರ್ವನಾಮವನ್ನು ಒತ್ತಿಗಾಗಿ ಮಾತ್ರ ಬಳಸುತ್ತಾರೆ. ಪ್ರತಿ ವಾಕ್ಯವನ್ನೂ ‘ನಾನು’ ಎಂಬುದರಿಂದ ಆರಂಭಿಸುವ ಇಂಗ್ಲಿಷ್ ಅಭ್ಯಾಸವನ್ನು ಅಲ್ಲಿ ಬಿಡಬೇಕು. ಫ್ರೆಂಚ್‌ನಲ್ಲಿ ಹಾಗಲ್ಲ. ‘ಮಾತಾಡು’ ಎಂಬ ಕ್ರಿಯೆಯ ರೂಪಗಳನ್ನು ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೆ ಮೂರು ಬಗೆಯಾಗಿ ಬರೆದರೂ ಕಿವಿಗೆ ಬೀಳುವುದು ‘ಪಾರ್ಲ್’ ಎಂಬ ಒಂದೇ ಧ್ವನಿ. ಬರಹದಲ್ಲಿ ಉಳಿದದ್ದು ಬಾಯಲ್ಲಿ ಸವೆದುಹೋಗಿರುವುದರಿಂದ ಅಲ್ಲಿ ಸರ್ವನಾಮ ಕಡ್ಡಾಯ. ಸ್ವೀಡಿಷ್‌ನಲ್ಲಿ ಪುರುಷ ಮತ್ತು ವಚನಕ್ಕೆ ತಕ್ಕ ಬದಲಾವಣೆಯೇ ಇಲ್ಲ. ಬರಹದಲ್ಲಿ 20ನೇ ಶತಮಾನದ ಮಧ್ಯದವರೆಗೂ ಬಹುವಚನಕ್ಕೆ ಪ್ರತ್ಯೇಕ ರೂಪವಿತ್ತು, ಈಗ ಅದೂ ಬಿದ್ದುಹೋಗಿದೆ.

ಸ್ಪ್ಯಾನಿಷ್‌ನಲ್ಲಿ ಧಾತುವಿನ ಸ್ವರವೇ ಬದಲಾಗುವುದನ್ನು ಕಂಡು ಹೊಸಬರು ಹೆದರುತ್ತಾರೆ: ‘ಪ್ವೆದೊ’, ‘ಪ್ವೆದೆಸ್’, ‘ಪ್ವೆದೆ’ ಎಂದು ಸಾಗಿದ ಕ್ರಿಯಾಪದ ‘ನಾವು’ ಎಂಬಲ್ಲಿ ‘ಪೊದೆಮೊಸ್’ ಆಗಿಬಿಡುತ್ತದೆ. ಕಾರಣ ತಿಳಿದರೆ ಬಾಯಿಪಾಠದ ಹೊರೆ ಇಳಿಯುತ್ತದೆ. ಲ್ಯಾಟಿನ್‌ನಿಂದ ಸ್ಪ್ಯಾನಿಷ್ ರೂಪುಗೊಂಡಾಗ ಉಚ್ಚಾರಣೆಯ ಒತ್ತು ಬಿದ್ದ ಕೆಲವು ಸ್ವರಗಳು ಒಡೆದು ಎರಡಾದವು. ‘ನಾವು’, ‘ನೀವೆಲ್ಲ’ ಎಂಬ ರೂಪಗಳಲ್ಲಿ ಒತ್ತು ಪ್ರತ್ಯಯದ ಮೇಲೆ ಬೀಳುವುದರಿಂದ ಧಾತುವಿನ ಸ್ವರ ಹಳೆಯಂತೆಯೇ ಉಳಿಯಿತು. ಜರ್ಮನ್‌ನಲ್ಲಿ ಇಂತಹ ಬದಲಾವಣೆ ‘ನೀನು’ ಮತ್ತು ‘ಅವನು, ಅವಳು, ಅದು’ ರೂಪಗಳಿಗೆ ಸೀಮಿತ: ‘ಇಶ್ ಲೇಜ಼ೆ’, ಆದರೆ ‘ಏರ್ ಲೀಸ್ಟ್’. ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲ ಈ ಪ್ರಥಮ ಪುರುಷದ (‘ಅವನು, ಅವಳು, ಅದು’) ರೂಪವನ್ನೂ ಕೂಡಲೇ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗೌರವದ ರೂಪವನ್ನೂ ಇದೇ ಹಂತದಲ್ಲಿ ಕಲಿಯಬೇಕು. ಜರ್ಮನ್‌ನಲ್ಲಿ ‘ತಾವು’ ಎನ್ನಲು ‘ಅವರು’ ಎಂಬ ಬಹುವಚನದ ಕ್ರಿಯಾರೂಪವನ್ನೇ ಬಳಸುತ್ತಾರೆ, ಸ್ಪ್ಯಾನಿಷ್ ಮತ್ತು ಇಟಾಲಿಯನ್‌ನಲ್ಲಿ ಪ್ರಥಮ ಪುರುಷದ ಏಕವಚನವನ್ನು. ಒಬ್ಬರ ಬಗ್ಗೆಯೇ ‘ಅವರು ಓದುತ್ತಾರೆ’ ಎನ್ನುವ ನಮಗೆ ಇಂತಹ ಪಲ್ಲಟ ಹೊಸದಲ್ಲ. ಕನ್ನಡದ ‘ಓದುತ್ತಾನೆ’, ‘ಓದುತ್ತಾಳೆ’ ಎಂಬ ಲಿಂಗಭೇದ ಮಾತ್ರ ಇಲ್ಲಿ ಹೇಳಿದ ಭಾಷೆಗಳ ವರ್ತಮಾನದಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕೆಂದರೆ ಯುರೋಪಿನ ದಕ್ಷಿಣದ ಅಂಚಿನಲ್ಲಿರುವ ಮಾಲ್ಟಾ ದ್ವೀಪಕ್ಕೆ ಹೋಗಬೇಕು. ಅರಬ್ಬಿಯ ಬಳಗಕ್ಕೆ ಸೇರಿದ, 2004ರಿಂದ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಯಾಗಿರುವ ಮಾಲ್ಟೀಸ್‌ನಲ್ಲಿ ‘ಯಿಕ್ತೆಬ್’ ಎಂದರೆ ಅವನು ಬರೆಯುತ್ತಾನೆ, ‘ತಿಕ್ತೆಬ್’ ಎಂದರೆ ಅವಳು ಬರೆಯುತ್ತಾಳೆ.

ಕರ್ತೃವಿನ ಜೊತೆಗೆ ಕರ್ಮವನ್ನೂ ಗಮನಿಸುವ ಭಾಷೆಗಳಿವೆ. ಹಂಗೇರಿಯನ್‌ನಲ್ಲಿ ಸುಮ್ಮನೆ ಏನನ್ನೋ ಓದುತ್ತಿದ್ದರೆ ‘ಒಲ್ವಶೊಕ್’, ನಿರ್ದಿಷ್ಟವಾದ ಒಂದನ್ನು ಓದುತ್ತಿದ್ದರೆ ‘ಒಲ್ವಶೊಮ್’. ಬಾಸ್ಕ್ ಭಾಷೆಯ ಸಹಾಯಕ ಕ್ರಿಯಾಪದ, ಓದುವ ವಸ್ತು ಒಂದೇ ಅಥವಾ ಹಲವೇ ಎಂಬುದನ್ನೂ ಹೇಳುತ್ತದೆ.

ಆರನೆಯ ಹಂತ: ‘ನಮ್ಮ ತಾಯಿ ಶಿಕ್ಷಕಿ’

ಈ ವಾಕ್ಯದ ಪಕ್ಕದಲ್ಲಿ ‘ನಮ್ಮ ತಾಯಿ ಮನೆಯಲ್ಲಿದ್ದಾರೆ’ ಎಂದೂ ಬರೆಯಿರಿ. ಯಾರು ಎಂದು ಗುರುತಿಸುವಾಗ ಕನ್ನಡಕ್ಕೆ ಕ್ರಿಯಾಪದ ಬೇಡ, ಎಲ್ಲಿ ಎಂದು ಹೇಳುವಾಗ ‘ಇರು’ ಬೇಕು. ಹಂಗೇರಿಯನ್‌ನ ಪ್ರಥಮ ಪುರುಷದಲ್ಲಿ ಇದೇ ನಿಯಮ ಚಾಚೂ ತಪ್ಪದೆ ನಡೆಯುತ್ತದೆ: ತಾಯಿ ಶಿಕ್ಷಕಿ ಎನ್ನಲು ಎರಡೇ ಪದ, ತಾಯಿ ಮನೆಯಲ್ಲಿದ್ದಾರೆ ಎನ್ನಲು ಕೊನೆಗೆ ‘ವನ್’ ಎಂಬ ಕ್ರಿಯಾಪದ. ರಷ್ಯನ್ ಎರಡರಲ್ಲೂ ಕ್ರಿಯಾಪದವನ್ನು ಬಿಡುತ್ತದೆ. ಜರ್ಮನ್ ಮತ್ತು ಫ್ರೆಂಚ್ ಎರಡರಲ್ಲೂ ಒಂದೇ ಕ್ರಿಯಾಪದವನ್ನು ಇಡುತ್ತವೆ.

ಸ್ಪ್ಯಾನಿಷ್ ಎರಡು ಬೇರೆ ಕ್ರಿಯಾಪದಗಳನ್ನು ಬಳಸುತ್ತದೆ. ‘ಸೆರ್’ ಮತ್ತು ‘ಎಸ್ತಾರ್’ ನಡುವಿನ ವ್ಯತ್ಯಾಸವನ್ನು ಇಂಗ್ಲಿಷ್ ಪುಸ್ತಕಗಳು ಶಾಶ್ವತ ಮತ್ತು ತಾತ್ಕಾಲಿಕ ಎಂದು ವಿವರಿಸಿ ಕಲಿಯುವವರನ್ನು ದಾರಿ ತಪ್ಪಿಸುತ್ತವೆ. ಒಂದು ಊರು ಎಲ್ಲಿದೆ ಎಂಬುದು ಶಾಶ್ವತ ಸಂಗತಿಯಾದರೂ ಅಲ್ಲಿ ಬರುವುದು ‘ಎಸ್ತಾರ್’. ಕನ್ನಡಿಗರು ಹೀಗೆ ಆರಂಭಿಸಬಹುದು: ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ನಿಲ್ಲುವ ವಾಕ್ಯಕ್ಕೆ ‘ಸೆರ್’, ‘ಇದೆ, ಇದ್ದಾರೆ’ ಎಂದು ಸ್ಥಳವನ್ನೋ ಸ್ಥಿತಿಯನ್ನೋ ಹೇಳುವ ವಾಕ್ಯಕ್ಕೆ ‘ಎಸ್ತಾರ್’. ‘ಅವರು ಶಿಕ್ಷಕಿ’ ಎಂಬಲ್ಲಿ ಮೊದಲನೆಯದು, ‘ಅವರು ಮನೆಯಲ್ಲಿದ್ದಾರೆ’, ‘ಕಾಫಿ ಬಿಸಿಯಾಗಿದೆ’ ಎಂಬಲ್ಲಿ ಎರಡನೆಯದು. ಸಮಾರಂಭ ಎಲ್ಲಿ ನಡೆಯುತ್ತದೆ ಎನ್ನುವಾಗ ಮಾತ್ರ ಸ್ಥಳವಾಚಕವಿದ್ದರೂ ‘ಸೆರ್’ ಬರುತ್ತದೆ, ‘ಅವರು ಎತ್ತರವಾಗಿದ್ದಾರೆ’ ಎಂಬಂತಹ ಸಹಜ ಗುಣಗಳಿಗೂ ‘ಸೆರ್’ ಬರುತ್ತದೆ. ಇವೆರಡನ್ನು ಅಪವಾದಗಳಾಗಿ ನೆನಪಿಟ್ಟುಕೊಳ್ಳಬೇಕು.

ಏಳನೆಯ ಹಂತ: ತಿರುಗಿ ಕನ್ನಡಕ್ಕೆ ಬನ್ನಿ

ಹಾಳೆಯ ಬಲಬದಿ ತುಂಬಿದ ಮೇಲೆ ಎಡಬದಿಯನ್ನು ಮುಚ್ಚಿ, ಆ ಭಾಷೆಯ ಒಂದು ಸಣ್ಣ ಸುದ್ದಿಯನ್ನೋ ಪತ್ರವನ್ನೋ ತೆಗೆದುಕೊಂಡು ಅದರಲ್ಲಿನ ವರ್ತಮಾನಕಾಲದ ಪ್ರತಿ ಕ್ರಿಯಾಪದವನ್ನೂ ಕನ್ನಡಕ್ಕೆ ತನ್ನಿ. ಜರ್ಮನ್‌ನ ಒಂದು ‘ಲೇಜ಼ೆ’ ಎದುರಾದಾಗ ‘ಓದುತ್ತೇನೆ’ ಎನ್ನಬೇಕೋ ‘ಓದುತ್ತಿದ್ದೇನೆ’ ಎನ್ನಬೇಕೋ ಎಂದು ಕನ್ನಡ ನಿಮ್ಮನ್ನು ಕೇಳುತ್ತದೆ, ಮತ್ತು ಉತ್ತರಕ್ಕಾಗಿ ನೀವು ಕಾಲವಾಚಕ ಪದಗಳನ್ನು, ಹಿಂದುಮುಂದಿನ ವಾಕ್ಯಗಳನ್ನು ನೋಡಲೇಬೇಕಾಗುತ್ತದೆ. ಜರ್ಮನ್ನರು ಆ ವಾಕ್ಯವನ್ನು ಅರ್ಥ ಮಾಡಿಕೊಳ್ಳುವುದೂ ಅದೇ ಸುಳಿವುಗಳಿಂದ. ಹಾಗೆ ಕಂಡ ಪ್ರತಿ ಸುಳಿವಿನ ಪದದ ಕೆಳಗೆ ಗೆರೆ ಎಳೆಯಿರಿ. ಒಂದೆರಡು ಪುಟ ಮುಗಿಯುವಷ್ಟರಲ್ಲಿ ‘ಈಗ’, ‘ದಿನಾ’, ‘ಇನ್ನೂ’, ‘ಆಗಲೇ’, ‘ಇಂದಿನಿಂದ’ ಎಂಬರ್ಥದ ಪದಗಳ ಪಟ್ಟಿಯೊಂದು ತಾನಾಗಿಯೇ ಸಿದ್ಧವಾಗಿರುತ್ತದೆ. ಬರೆಯಲು ಕುಳಿತಾಗ ಕ್ರಿಯಾಪದಕ್ಕಿಂತ ಮೊದಲು ಆ ಪಟ್ಟಿಯಿಂದ ಪದವನ್ನು ಆರಿಸಿಕೊಳ್ಳಿ.